'ಆಗಿನ ಕಾಲದ ಜಿಮ್' ಅಂತ ಬರೆಯುವವರಿಗೆ

ಹಳೇ ಪ್ರವಾಸದ ಪುಸ್ತಕಗಳ ಕಪ್ಪುಬಿಳುಪು ಚಿತ್ರ ಹಂಚಿಕೊಳ್ಳುವ ಚಟ ಈಗ ಜೋರಾಗಿದೆ. ಆಫ್ರಿಕಾದ ಹೆಂಗಸರು ಕಾಳು ಕುಟ್ಟುವ, ಬೀಸುವ ಚಿತ್ರ ಬಂದರೆ ಸಾಕು, 'ಇದೇ ಆಗಿನ ಕಾಲದ ಜಿಮ್' ಅಂತ ಒಬ್ಬರಾದರೂ ಬರೆದಿರುತ್ತಾರೆ. ಓದಿದಾಗಲೆಲ್ಲ ಮೈ ಉರಿಯುತ್ತದೆ.

ಸ್ಕಾಟ್ಲೆಂಡಿನ ಮಿಷನರಿ, ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ 1858ರಿಂದ 1864ರವರೆಗೆ ಆಫ್ರಿಕಾದ ಜಾಂಬೆಜಿ ನದಿಯ ಸೀಮೆಯಲ್ಲಿ ತಿರುಗಾಡಿದ. ತಮ್ಮ ಚಾರ್ಲ್ಸ್ ಜೊತೆ ಸೇರಿ ಬರೆದ ಆ ಪ್ರವಾಸದ ಪುಸ್ತಕ 1865ರಲ್ಲಿ ಬಂತು. ಅದರಲ್ಲಿ ಅಲ್ಲಿನ ಬೀಸುವ ಕಲ್ಲಿನ ಚಿತ್ರ ಇದೆ. ಚಿತ್ರ ನೋಡಿ ಪುಟ ತಿರುಗಿಸಬೇಡಿ, ಬರಹವನ್ನೂ ಓದಿ.

ಮೊದಲು ಕುಟ್ಟುವ ಕೆಲಸ. ಒರಳು ಮರದ್ದು. ಒನಕೆ 6 ಅಡಿ ಉದ್ದ, ಸುಮಾರು 4 ಇಂಚು ದಪ್ಪ. ಒಂದೇ ಒರಳಿಗೆ ಇಬ್ಬರು, ಕೆಲವೊಮ್ಮೆ ಮೂವರು. ಪ್ರತಿ ಏಟಿಗೂ ಮೈಯನ್ನು ಒಮ್ಮೆ ಮೇಲಕ್ಕೆ ಚಿಮ್ಮಿಸಿ ಒನಕೆ ಇಳಿಸುತ್ತಾರೆ. ಎರಡು ಒನಕೆ ಒಟ್ಟಿಗೆ ಒರಳೊಳಗೆ ಇಳಿಯುವುದೇ ಇಲ್ಲ, ಅಷ್ಟು ಕರಾರುವಾಕ್ಕು ತಾಳ. ಈ ತಾಳವನ್ನು ಯಾವ ಚಿತ್ರ ತೋರಿಸೀತು ಹೇಳಿ? ಸ್ವಲ್ಪ ನೀರು ಚಿಮುಕಿಸಿ ಕುಟ್ಟಿದರೆ ಹೊಟ್ಟು ಬಿಡುತ್ತದೆ. ಹೊಟ್ಟು ಉಳಿದರೆ ಹೊಟ್ಟೆ ಕೆಡುತ್ತದೆ ಅಂತಲೂ ಬರೆದಿದ್ದಾನೆ. (ಕೆಲವು ಕಡೆ ಜನ ಕಾಮನಬಿಲ್ಲನ್ನೇ ದೇವರುಗಳ ಒನಕೆ ಅನ್ನುತ್ತಾರಂತೆ. ಎಷ್ಟು ಚೆಂದ ಅಲ್ವಾ?)

ಆಮೇಲೆ ಬೀಸುವುದು. ಕೆಳಗೆ 15-18 ಇಂಚು ಅಗಲದ ಗ್ರಾನೈಟ್‌ನಂಥ ಕಲ್ಲು, ನಡುವೆ ತಗ್ಗು. ಮೇಲೆ ಅರ್ಧ ಇಟ್ಟಿಗೆಯಷ್ಟು ದೊಡ್ಡ, ಗಟ್ಟಿಯಾದ ಬೆಣಚುಕಲ್ಲು. ಹೆಂಗಸು ಮಂಡಿಯೂರಿ, ಮೈಭಾರವನ್ನೆಲ್ಲ ಹಾಕಿ ಅದನ್ನು ಹಿಂದೆ ಮುಂದೆ ಉಜ್ಜುತ್ತಾಳೆ. ನಡುನಡುವೆ ಒಂದು ಕೈಯಲ್ಲಿ ಕಾಳು ಹಾಕುತ್ತಾಳೆ. ಕೆಳಗಿನ ಕಲ್ಲನ್ನು ಇಳಿಜಾರಾಗಿ ಇಟ್ಟಿರುವುದರಿಂದ ಹಿಟ್ಟು ತಾನಾಗಿ ಚಾಪೆಗೆ ಬೀಳುತ್ತದೆ.

ಇಷ್ಟೆಲ್ಲ ಗಮನಿಸಿದ ಮನುಷ್ಯ ಕೊನೆಗೆ ಇದು ಬಹುಶಃ ತೀರಾ ಆದಿಮ ಗಿರಣಿ ಅಂದುಬಿಟ್ಟ. ಪೂರ್ವ ದೇಶಗಳಲ್ಲಿ ಇಬ್ಬರು ಹೆಂಗಸರು ಕೂತು ಬೀಸುವ ಕಲ್ಲಿಗಿಂತ ಇದು ಹಳೆಯದು ಅಂತ ಅವನ ಲೆಕ್ಕ. ನಮ್ಮ ಕಡೆಯ ಬೀಸುವ ಕಲ್ಲೂ ಆ ಪೂರ್ವ ದೇಶಗಳ ಬಗೆಯದ್ದೇ. ಹಳೆಯದು ಅನ್ನಿ, ಒಪ್ಪುತ್ತೇನೆ. ಆದರೆ ಯಾವ ಕಲ್ಲಿಗೆ ಯಾವ ಕಲ್ಲು, ಎಷ್ಟು ಇಳಿಜಾರು ಅನ್ನುವುದೆಲ್ಲ ಸುಮ್ನೆ ಬಂದದ್ದಲ್ಲ.

ಇನ್ನು ಆ ಜಿಮ್ ವಿಷಯ. ಸಿರಿಯಾದ ಅಬು ಹುರೇರಾ ಎಂಬ ಪುರಾತನ ಊರಿನ ಜಾಗದಲ್ಲಿ ಸಾವಿರಾರು ವರ್ಷ ಹಳೆಯ ಮೂಳೆಗಳು ಸಿಕ್ಕಿವೆ. ಥಿಯಾ ಮೊಲೆಸನ್ ಎಂಬ ವಿಜ್ಞಾನಿ ಅವನ್ನು ಪರೀಕ್ಷಿಸಿದರು. ಸವೆದ ಕಾಲ್ಹೆಬ್ಬೆರಳಿನ ಕೀಲು, ಹಾಳಾದ ಬೆನ್ನುಮೂಳೆ, ಒತ್ತಡದ ಗುರುತಿರುವ ಮಂಡಿ, ಅವೂ ಹೆಚ್ಚಾಗಿ ಹೆಂಗಸರವು. ಗಂಟೆಗಟ್ಟಲೆ ಮಂಡಿಯೂರಿ ಇಂಥದೇ ಕಲ್ಲಿನ ಮೇಲೆ ಕಾಳು ಅರೆದದ್ದರ ಫಲ ಅಂತ 1994ರಲ್ಲಿ ಬರೆದರು. ಜಿಮ್ಮಿಗೆ ನಾವು ಬೇಕಾದರೆ ಹೋಗುತ್ತೇವೆ, ಬೇಸರವಾದರೆ ಬಿಡುತ್ತೇವೆ. ಕಾಳು ಅರೆಯುವ ಈ ಹೆಂಗಸರು ಒಂದು ದಿನ ಬಿಟ್ಟರೆ ಮನೆಯಲ್ಲಿ ಊಟವಿಲ್ಲ. ನಮ್ಮ ಬೀಸುವ ಪದಗಳನ್ನು ಹೊಗಳುವಾಗಲೂ ನಾವು ಇದನ್ನು ಮರೆಯುತ್ತೇವೆ. ಹಾಡು ಉಳಿಯಿತು, ನಸುಕಿನಲ್ಲೇ ಏಳಬೇಕಿದ್ದ ಕಷ್ಟ ಯಾರಿಗೂ ಬೇಡ.

ಲಿವಿಂಗ್‌ಸ್ಟನ್ ಓಡಾಡಿದ ಮಲಾವಿ, ಜಾಂಬಿಯಾ ಕಡೆ ಈಗ ಬಿಳಿ ಜೋಳದ ಜಾಗವನ್ನು ಬಹುಪಾಲು ಮೆಕ್ಕೆಜೋಳ ಹಿಡಿದಿದೆ. ಹಿಟ್ಟಿನ ಗಿರಣಿಗಳೂ ಬಂದಿವೆ. ಮಲಾವಿಯಲ್ಲಿ ಅದಕ್ಕೆ ಚಿಗಾಯೊ ಅನ್ನುತ್ತಾರೆ. ಅಲ್ಲಿಗೆ ಕಾಳು ಹೊತ್ತು, ಸಾಲಲ್ಲಿ ನಿಂತು, ದುಡ್ಡು ಕೊಟ್ಟು ಹಿಟ್ಟು ಮಾಡಿಸಿಕೊಂಡು ಬರುವವರು ಈಗಲೂ ಹೆಚ್ಚಾಗಿ ಹೆಂಗಸರೇ.