ಆ ಸಿಮ್ ಯಾರ ಹೆಸರಲ್ಲಿದೆ?

ಮೊನ್ನೆ ಅಮ್ಮನಿಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಬುಕ್ ಮಾಡುತ್ತಿದ್ದೆ. ನಂಬರ್ ಹಾಕಿದೆ, ಒಟಿಪಿ ಬಂತು, ಟೈಮ್ ಸಿಕ್ಕಿತು. ಎರಡು ನಿಮಿಷದ ಕೆಲಸ. ಆಮೇಲೆ ಯಾಕೋ ಆ ಒಟಿಪಿಯೇ ತಲೆಯಲ್ಲಿ ಕೂತುಬಿಟ್ಟಿತು. ಅದು ಬರಬೇಕಾದರೆ ಸಿಮ್ ಬೇಕು. ಸಿಮ್ ಬೇಕಾದರೆ ಗುರುತಿನ ಚೀಟಿ ಬೇಕು. ಚೀಟಿ ಬೇಕಾದರೆ 'ಇವರು ನಮ್ಮವರು' ಅಂತ ಯಾವುದಾದರೂ ದೇಶ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವ ದೇಶವೇ ಇಲ್ಲದವರಿಗೆ ಕಾಯಿಲೆ ಬಂದರೆ?

ಮ್ಯಾನ್ಮಾರ್ ತನ್ನ ಪ್ರಜೆಗಳು ಅಂತ ಒಪ್ಪದ ರೋಹಿಂಗ್ಯಾ ಮುಸ್ಲಿಮರ ಕತೆ ಇದೇ. 2017ರ ಆಗಸ್ಟ್ ನಂತರ 7 ಲಕ್ಷಕ್ಕೂ ಹೆಚ್ಚು ಜನ ಮ್ಯಾನ್ಮಾರ್‌ನಿಂದ ಜೀವ ಉಳಿಸಿಕೊಂಡು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದರು. ಬಿದಿರು, ಟಾರ್ಪಾಲಿನ್‌ನ ಗುಡಿಸಲುಗಳು, ಒಂದಕ್ಕೊಂದು ಅಂಟಿಕೊಂಡೇ. ಗುರುತಿನ ದಾಖಲೆ ಇಲ್ಲದ್ದರಿಂದ ಅವರ ಹೆಸರಲ್ಲಿ ಸಿಮ್ ಕೊಡುವ ಹಾಗಿರಲಿಲ್ಲ. ಬೇರೆ ಯಾರದೋ ಹೆಸರಿನ ಸಿಮ್ ಹಾಕಿಕೊಂಡು ಹೇಗೋ ನಡೆಸುತ್ತಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಭದ್ರತೆಯ ಕಾರಣ ಕೊಟ್ಟು ಶಿಬಿರಗಳಲ್ಲಿ 3ಜಿ, 4ಜಿ ನಿಲ್ಲಿಸಿದರು. ಮತ್ತೆ ಬಂದದ್ದು 2020ರ ಆಗಸ್ಟ್ ಕೊನೆಗೆ. ನಡುವೆ ಏನಾಯಿತು ಅಂತ ನಿಮಗೂ ಗೊತ್ತು. ಕೊರೊನಾ ಬಂತು. ಮೇ ತಿಂಗಳ ಮಧ್ಯದಲ್ಲಿ ಶಿಬಿರದಲ್ಲೇ ಮೊದಲ ಕೇಸ್ ಸಿಕ್ಕಿತು.

ಇಡೀ ಜಗತ್ತು ಫೋನ್ ಹಿಡಿದುಕೊಂಡು ಲಕ್ಷಣ ಏನು, ಎಲ್ಲಿ ಹೋಗಬೇಕು ಅಂತ ಹುಡುಕುತ್ತಿದ್ದಾಗ, ಅಲ್ಲಿ ಅಂತೆ ಕಂತೆಗಳದ್ದೇ ರಾಜ್ಯ. ಕೊರೊನಾ ಬಂದವರನ್ನು ಕರೆದುಕೊಂಡು ಹೋಗಿ ಕೊಂದೇಬಿಡುತ್ತಾರಂತೆ ಅನ್ನುವ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಜ್ವರ, ಕೆಮ್ಮು ಅಂತ ಕ್ಲಿನಿಕ್‌ಗೆ ಬರುವವರೇ ಕಡಿಮೆಯಾದರು. ಅವರನ್ನು ದಡ್ಡರು ಅನ್ನಬೇಡಿ. ಮ್ಯಾನ್ಮಾರ್ ಸೈನ್ಯ ಮನೆ ಸುಟ್ಟದ್ದನ್ನು ಕಣ್ಣಾರೆ ಕಂಡವರು ಅವರು. ಹೆದರುವುದಕ್ಕೆ ಕಾರಣ ಇತ್ತು. ಹೆದರಿಕೆ ಕಳೆಯುವ ಮಾತು ಮಾತ್ರ ತಲುಪಲಿಲ್ಲ.

ನೆಟ್‌ವರ್ಕ್ ಕೊಟ್ಟುಬಿಟ್ಟರೆ ಸರಿಹೋಗುತ್ತದೆ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2016ರಲ್ಲಿ ಒಂದು ವರದಿ ತಂದಿತು. ಅದರ ಪ್ರಕಾರ ನಿರಾಶ್ರಿತರಲ್ಲಿ ಶೇ. 93ರಷ್ಟು ಜನ ಇರುವ ಕಡೆ ಕೊನೇಪಕ್ಷ 2ಜಿ ಸಿಗ್ನಲ್ ಇತ್ತು. ಆದರೂ ಶೇ. 29ರಷ್ಟು ಕುಟುಂಬಗಳಲ್ಲಿ ಒಂದೂ ಫೋನ್ ಇರಲಿಲ್ಲ. ಇದ್ದವರು ಕೈಯಲ್ಲಿ ಉಳಿಯುವ ದುಡ್ಡಿನ ಮೂರನೇ ಒಂದು ಭಾಗದವರೆಗೂ ಫೋನ್, ಡೇಟಾಗೆ ಸುರಿಯುತ್ತಿದ್ದರು. ಊಟ, ಔಷಧಿಗೆ ಇಟ್ಟುಕೊಳ್ಳಬಹುದಾಗಿದ್ದ ದುಡ್ಡು ಅದು, ಅಲ್ವಾ?

ಫೋನ್ ಇರುವ ಗುಡಿಸಲಿನ ಒಳಗೇ ಒಮ್ಮೆ ನೋಡಿ. ಎಂಟು ಜನಕ್ಕೆ ಒಂದೇ ಫೋನು. ಅದು ಗಂಡನ ಜೇಬಿನಲ್ಲಿ. ಐದು ತಿಂಗಳ ಬಸುರಿಗೆ 'ನಾಳೆ ತಪಾಸಣೆ ಇದೆ' ಅಂತ ಮೆಸೇಜ್ ಬರುತ್ತದೆ. ಗಂಡ ಕೆಲಸ ಹುಡುಕಿಕೊಂಡು ಹೊರಗೆ ಹೋಗಿರುತ್ತಾನೆ. ಅವನಿಗೂ ಓದಲು ಬರುವುದಿಲ್ಲ. ಮೆಸೇಜ್ ತಲುಪಿತು ಅಂತ ಕಂಪ್ಯೂಟರ್‌ನಲ್ಲಿ ಟಿಕ್ ಬೀಳುತ್ತದೆ. ಇನ್ನು ರಕ್ತಸ್ರಾವ, ಮಕ್ಕಳು ಬೇಡ ಅನ್ನುವ ಯೋಚನೆ, ಮನೆಯಲ್ಲಿ ತಿನ್ನುವ ಪೆಟ್ಟು... ಇದನ್ನೆಲ್ಲ ಆ ಫೋನಿನಲ್ಲಿ ಅವಳು ಯಾವ ಡಾಕ್ಟರ್ ಹತ್ತಿರ ಹೇಳಿಕೊಳ್ಳಬೇಕು? ರೋಹಿಂಗ್ಯಾ ಭಾಷೆಯ ಹನೀಫಿ ಲಿಪಿ ಯೂನಿಕೋಡ್‌ಗೆ, ಅಂದರೆ ಫೋನ್, ಕಂಪ್ಯೂಟರ್‌ಗಳು ಅಕ್ಷರ ತೋರಿಸಲು ಬಳಸುವ ಪಟ್ಟಿಗೆ, ಸೇರಿದ್ದೇ 2018ರಲ್ಲಿ. ಓದು ಬಾರದವರಿಗೆ ಅದರಿಂದಲೂ ಉಪಯೋಗ ಇಲ್ಲ. ಅವರಿಗೆ ಬೇಕಿರುವುದು ಅವರದೇ ಮಾತು, ಕಿವಿಗೆ ಬೀಳುವ ಹಾಗೆ.

ತಂತ್ರಜ್ಞಾನವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಊರು ಬಿಟ್ಟು ಓಡುವಾಗ ಹಳೇ ಚೀಟಿ ಹುಡುಕುತ್ತಾ ಕೂರುತ್ತಾರಾ? ಪ್ಯಾಲೆಸ್ಟೀನ್ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಸಂಸ್ಥೆ ತನ್ನ ಕ್ಲಿನಿಕ್‌ಗಳಲ್ಲಿ ರೋಗಿಗಳ ದಾಖಲೆಯನ್ನು ಕಂಪ್ಯೂಟರ್‌ಗೆ ಹಾಕಿದೆ. ಇದು ನನಗೆ ಇಷ್ಟ. ಯಾಕೆಂದರೆ ಇಲ್ಲಿ ಯಂತ್ರದ ಭಾರ ಕ್ಲಿನಿಕ್ ಮೇಲಿದೆ. ತನ್ನ ಹಳೇ ದಾಖಲೆ ತೋರಿಸಲು ರೋಗಿಯ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಬೇಕಾಗಿಲ್ಲ. ಆಪ್ ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ ಅನ್ನುವುದಕ್ಕೂ ಇದಕ್ಕೂ ಅಜಗಜಾಂತರ.

ಹಾಗಂತ ಸಿಕ್ಕಿದ ಮಾಹಿತಿಯನ್ನೆಲ್ಲ ಬಾಚಿಕೊಳ್ಳುವುದೂ ತಪ್ಪು. ರೋಹಿಂಗ್ಯಾಗಳಿಂದ ಪಡೆದ ವಿವರ ಬಾಂಗ್ಲಾದೇಶದ ಮೂಲಕ ಮ್ಯಾನ್ಮಾರ್ ಸರ್ಕಾರಕ್ಕೇ ಹೋಗಿದೆ ಅಂತ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ಹೇಳಿತು. ಯಾರಿಂದ ತಪ್ಪಿಸಿಕೊಂಡು ಬಂದರೋ ಅವರ ಕೈಗೇ! ಅಂಥ ಸುದ್ದಿ ಕೇಳಿದವರು ನಾಳೆ ಆರೋಗ್ಯ ಕಾರ್ಡಿಗೆ ಬೆರಳಚ್ಚು ಕೊಡಿ ಅಂದರೆ ಹಿಂದೆ ಸರಿಯುವುದು ಸಹಜ.

ಮನಸ್ಸು ಮಾಡಿದರೆ ಆಗದ ಕೆಲಸ ಅಲ್ಲ ಇದು. ಉಗಾಂಡಾ 2019ರಲ್ಲಿ ನಿರಾಶ್ರಿತರು ತಮ್ಮ ನಿರಾಶ್ರಿತ ಗುರುತಿನ ಚೀಟಿ ತೋರಿಸಿಯೇ ಸಿಮ್ ಪಡೆಯಲು ದಾರಿ ಮಾಡಿಕೊಟ್ಟಿತು. ಅದಕ್ಕೆ ಹೊಸ ಯಂತ್ರ ಏನೂ ಬೇಕಾಗಲಿಲ್ಲ, ನಿಯಮ ಸಡಿಲಿಸಿದರು ಅಷ್ಟೆ.

ಮತ್ತೆ, ಕಾಕ್ಸ್ ಬಜಾರ್‌ನಲ್ಲಿ ಇಂಟರ್ನೆಟ್ ಇಲ್ಲದ ಆ ದಿನಗಳಲ್ಲಿ ಮನೆ ಮನೆಗೆ ನಡೆದು, ಬಾಗಿಲಲ್ಲಿ ಕೂತು, ಅವರದೇ ಮಾತಿನಲ್ಲಿ ವಿಷಯ ತಿಳಿಸಿದವರು ಆರೋಗ್ಯ ಸ್ವಯಂಸೇವಕರು. ಅವರಲ್ಲಿ ಹೆಚ್ಚಿನವರು ಸ್ವತಃ ರೋಹಿಂಗ್ಯಾಗಳು. ಹೆಣ್ಣುಮಕ್ಕಳೂ ಇದ್ದರು. ಗಂಡನ ಫೋನಿನಲ್ಲಿ ಹೇಳಲಾಗದ್ದನ್ನು ಬಸುರಿ ಹೆಂಗಸು ಇವರ ಹತ್ತಿರ ಪಿಸುಗುಟ್ಟಬಹುದು. ಹೊಸ ಆಪ್‌ಗೆ ದುಡ್ಡು ತೆಗೆದಿಡುವವರು ದಯವಿಟ್ಟು ಮೊದಲು ಇವರ ಸಂಬಳಕ್ಕೆ ತೆಗೆದಿಡಿ.