ಮೂರು ಮರ, ಒಂದು ಕೋವಿ

"ಅಪ್ಪಾ, ಸ್ಟಾಕ್ ತೆಗೆದುಕೊಂಡೆ" ಎಂದು ಟೆಕ್ಸಾಸ್‌ನಿಂದ ಫೋನಿನಲ್ಲಿ ಹೇಳಿದಾಗ ಕೊಡಗಿನಲ್ಲಿದ್ದ ಅಪ್ಪ ಹಿರಿಹಿರಿ ಹಿಗ್ಗಿದರು. ಮಗ ಕೊನೆಗೂ ಷೇರುಪೇಟೆಗೆ ಕಾಲಿಟ್ಟನೆಂಬ ಸಂಭ್ರಮ. "ಏರಿದೆಯೋ, ಇಳಿದಿದೆಯೋ?" ಎಂದು ಕೇಳಿದರು. "ಎರಡೂ ಅಲ್ಲ, ಕೂರುತ್ತಿಲ್ಲ" ಎಂದೆ.

ನಾನು ಹೇಳಿದ್ದು ಕೋವಿಯ ಮರದ ವಿಷಯ. ನಳಿಗೆಯನ್ನು ಹೊತ್ತು ಭುಜಕ್ಕೆ ಒರಗುವ ಆ ಮರಕ್ಕೂ ಇಂಗ್ಲಿಷಿನಲ್ಲಿ ಸ್ಟಾಕ್ ಎಂದೇ ಹೆಸರು. ಆರುನೂರು ಗಜ ದೂರದ ಗುರಿಗೆ ಹೊಡೆಯುವ ಹುಚ್ಚು ಹಿಡಿದು ಹಳೆಯ ರೆಮಿಂಗ್ಟನ್ 700 ಒಂದನ್ನು ಕೊಂಡಿದ್ದೆ. 1962ರಲ್ಲಿ ಬಂದ ಈ ಕೋವಿಗೆ ಅಮೆರಿಕದಲ್ಲಿ ಬಿಡಿಭಾಗಗಳು ಹೇರಳವಾಗಿ ಸಿಗುತ್ತವೆ. ಹಾಗಾಗಿ "ರೆಮಿಂಗ್ಟನ್ 700ಕ್ಕೆ ಹೊಂದುತ್ತದೆ" ಎಂದು ಬರೆದಿದ್ದ ಮೊದಲ ಸ್ಟಾಕನ್ನೇ ತರಿಸಿದೆ. "ಗಂಡಸರ ಕಾಲಿಗೆ ಹೊಂದುತ್ತದೆ" ಎಂದು ಬರೆದ ಚಪ್ಪಲಿ ತರಿಸಿದಂತಾಯಿತು.

ತೋಟಾ ತುಂಬಿ ಹಾರಿಸುವ ಯಂತ್ರಭಾಗಕ್ಕೆ ಆ್ಯಕ್ಷನ್ ಎನ್ನುತ್ತಾರೆ, ಈ ಕೋವಿಯಲ್ಲಿ ಗಿಡ್ಡ ಆ್ಯಕ್ಷನ್, ಉದ್ದ ಆ್ಯಕ್ಷನ್ ಎಂದು ಎರಡು ಬಗೆ. .308 ತೋಟಾದ ಕವಚ 51 ಮಿಲಿಮೀಟರ್, ನನ್ನ .30-06ರದ್ದು 63. ಆ ಹನ್ನೆರಡು ಮಿಲಿಮೀಟರ್‌ಗಾಗಿ ಆ್ಯಕ್ಷನ್ ಉದ್ದವಾಗುತ್ತದೆ, ಅದನ್ನು ಮರಕ್ಕೆ ಬಿಗಿಯುವ ತಿರುಪುಗಳ ನಡುವಿನ ದೂರವೂ ಹಿಗ್ಗುತ್ತದೆ. ಬಂದದ್ದು ಗಿಡ್ಡದ್ದು. ಮುಂದಿನ ತಿರುಪು ಸರಿಯಾಗಿ ಕೂತರೆ ಹಿಂದಿನದು ಮರಕ್ಕೇ ತಿವಿಯುತ್ತಿತ್ತು. ನಮಗೆ ಊರಿನಲ್ಲಿ ಬ್ರಿಟಿಷರ ಕಾಲದಿಂದಲೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ ನಿಜ, ಅಳತೆ ಪಟ್ಟಿಯಿಂದ ವಿನಾಯಿತಿ ಇರಲಿಲ್ಲವೆಂದು ಅಂದು ತಿಳಿಯಿತು.

ಎರಡನೆಯದು ಉದ್ದ ಸರಿಯಾಗಿದ್ದರೂ ಅದರಲ್ಲಿ ನಳಿಗೆ ಕೂರುವ ತೋಡು ಸಣಕಲು ನಳಿಗೆಯದು, ನನ್ನದು ದಪ್ಪ ನಳಿಗೆ. ನಳಿಗೆ ಮರಕ್ಕೆ ತಾಗಬಾರದು, ತಾಗಿದರೆ ಬಿಸಿಯೇರಿದಂತೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ನಡುವೆ ಡಾಲರ್ ನೋಟು ಸರಾಗವಾಗಿ ಜಾರಬೇಕು ಎನ್ನುತ್ತಾರೆ. ಪೊರಕೆಯ ಕೋಲಿಗೆ ಮರಳು ಕಾಗದ ಸುತ್ತಿ ಎರಡು ರಾತ್ರಿ ಉಜ್ಜಿದೆ. ಎಡಗಡೆ ಇನ್ನೂ ನೋಟು ಸಿಕ್ಕಿಕೊಳ್ಳುತ್ತಿತ್ತು, ಬಲಗಡೆ ಪರ್ಸೇ ಇಳಿಯುತ್ತಿತ್ತು. ಹೆಂಡತಿ ಪೊರಕೆಯನ್ನು ಮಾತ್ರ ಕೇಳಿದಳು.

ಮೂರನೆಯದರ ಕಥೆ ಬೇಡ. ನನ್ನ ಕೋವಿಗೆ ತಳದಲ್ಲಿ ಮಡಚುವ ಮುಚ್ಚಳ, ಆ ಸ್ಟಾಕಿನ ಕೊರೆತ ಕಳಚಿ ತೆಗೆಯುವ ತೋಟಾ ಪೆಟ್ಟಿಗೆಯದು, ಅಂದರೆ ಮ್ಯಾಗಜೀನಿನದು.

ನಮ್ಮ ಅಜ್ಜನ ಕೋವಿಯ ಮರ ಸೀಳಿದಾಗ ಊರಿನ ಆಚಾರಿ ಆ ಕೋವಿಯನ್ನೇ ಮುಂದಿಟ್ಟುಕೊಂಡು ಬೀಟೆ ಮರ ಕೆತ್ತಿದ್ದರು. "ಯಾವ ಮಾದರಿ?" ಎಂದು ಕೇಳಲೇ ಇಲ್ಲ. ಬದಲಿಗೆ ಅಜ್ಜನನ್ನು ನಿಲ್ಲಿಸಿ, ತೋಳು ಮಡಚಿಸಿ, ಭುಜದವರೆಗೆ ಬಟ್ಟೆಯ ದಾರ ಹಿಡಿದರು. ಟ್ರಿಗರ್‌ನಿಂದ ಭುಜಕ್ಕಿರುವ ಆ ಅಳತೆಗೆ ಈಗ "ಲೆಂಗ್ತ್ ಆಫ್ ಪುಲ್" ಎಂಬ ಹೆಸರಿದೆ, ಬೆಲೆಯೂ ಇದೆ.

ಅಷ್ಟರಲ್ಲಿ ಸೆಪ್ಟೆಂಬರ್ 3 ಬಂತು, ಕೊಡಗಿನ ಕೈಲ್‌ಪೊಳ್ದ್ ಹಬ್ಬ. ಆಯುಧಗಳಿಗೆ ತೋಕ್ ಪೂ ಕಟ್ಟಿ ಪೂಜಿಸುವ ದಿನ. ಆ ಹೂ ಇಲ್ಲಿ ಸಿಗದೆ ಅಂಗಡಿಯ ಗುಲಾಬಿ ತಂದೆ. ಕೋವಿಯಂತೂ ಮರವಿಲ್ಲದೆ ಬರಿಯ ಕಬ್ಬಿಣವಾಗಿ ಮೇಜಿನ ಮೇಲೆ ಮಲಗಿತ್ತು, ಹಿಂದೆ ಗೋಡೆಗೊರಗಿ ಮೂರು ಸ್ಟಾಕ್‌ಗಳು. ಗುಲಾಬಿ ಸಿಕ್ಕಿಸಿ ವಿಡಿಯೊ ಕರೆ ಮಾಡಿದೆ.

ಅಪ್ಪ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಮಗಳೇ" ಎಂದು ನನ್ನ ಹೆಂಡತಿಯನ್ನು ಕರೆದರು, "ನೀರಿನ ಪೈಪಿಗೆ ಏಕಮ್ಮಾ ಪೂಜೆ?"