ಹುಟ್ಟಿದವರ ಪಟ್ಟಿ, ನಡೆದದ್ದರ ಪಟ್ಟಿ

"ಇದರಿಂದ ಆ ಸೀಮೆಯ ಆಚೆಗೆ ಏನು ಬದಲಾಯಿತು?"

ಇಷ್ಟೇ ಪ್ರಶ್ನೆ. ಕೇಳಿದವರು ಜರ್ಮನ್ ಭಾಷೆಯ ಒಂದು ವಿಶ್ವಕೋಶಕ್ಕೆ ನನ್ನ ಹಾಗೆಯೇ ಬಿಡುವಿನ ವೇಳೆಯಲ್ಲಿ ಬರೆಯುವವರು. ವರ್ಷದ ಪ್ರತಿಯೊಂದು ದಿನಾಂಕಕ್ಕೂ ಅಲ್ಲಿ ಒಂದೊಂದು ನಮೂದು ಇದೆ, ಫೆಬ್ರುವರಿ 29ನ್ನೂ ಸೇರಿಸಿ ಒಟ್ಟು 366. ಅಕ್ಟೋಬರ್ 23ಕ್ಕೆ ನಾನು ಒಂದು ಸಾಲು ಸೂಚಿಸಿದ್ದೆ: 1824ರಲ್ಲಿ ಈ ದಿನ ಕಿತ್ತೂರಿನ ರಾಣಿ ಚೆನ್ನಮ್ಮನ ಪಡೆ ಈಸ್ಟ್ ಇಂಡಿಯಾ ಕಂಪನಿಯ ದಾಳಿಯನ್ನು ಹಿಮ್ಮೆಟ್ಟಿಸಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಸತ್ತ. ಅದಕ್ಕೆ ಬಂದ ಮಾರುತ್ತರವೇ ಈ ಪ್ರಶ್ನೆ. ಕೇಳಿದವರ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಆದರೂ ಒಳಗೆ ಚುರ್ ಎಂದಿತು. ಚೆನ್ನಮ್ಮನನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸಿ ವಿಚಾರಿಸುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮಲ್ಲಿ ಕಿತ್ತೂರು ಎಂದರೆ ಮಾತು ಅಲ್ಲಿಗೆ ಮುಗಿಯಿತು.

ಉತ್ತರ ಬರೆಯಲು ಕುಳಿತೆ. ದತ್ತುಮಗನಿಗೆ ಹಕ್ಕಿಲ್ಲವೆಂದು ಹೇಳಿ ಸಂಸ್ಥಾನಗಳನ್ನು ನುಂಗುವ ನೀತಿಯನ್ನು ಎಲ್ಲರೂ ಡಾಲ್‌ಹೌಸಿಯ ಹೆಸರಿನೊಂದಿಗೆ ಓದಿದ್ದಾರೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅದಕ್ಕೆ ಎರಡು ದಶಕ ಮೊದಲೇ ಕಿತ್ತೂರಿನಲ್ಲಿ ಇದೇ ತಂತ್ರ ನಡೆದಿತ್ತು. ದತ್ತುಸ್ವೀಕಾರವನ್ನು ಕಂಪನಿ ಒಪ್ಪಲಿಲ್ಲ, ಕಿತ್ತೂರು ಬಗ್ಗಲಿಲ್ಲ. ಆದ್ದರಿಂದ ಇದು ಒಂದು ಕೋಟೆಯ ಜಗಳವಲ್ಲ, ಮುಂದೆ ಇಡೀ ಉಪಖಂಡವನ್ನು ಕಾಡಿದ ನೀತಿಗೆ ಬಹಳ ಮೊದಲೇ ಬಿದ್ದ ಪೆಟ್ಟು ಎಂದು ಬರೆದೆ. ದಿನಾಂಕಕ್ಕೆ ಆಧಾರ ಕೊಟ್ಟೆ. ಸಾಲು ಉಳಿಯಿತು. ಸಂತೋಷಕ್ಕಿಂತ ಹೆಚ್ಚಾಗಿ ಕಿರಿಕಿರಿಯಾಯಿತು: ಶಾಲೆಯ ದಿನಗಳಿಂದ ಕಿತ್ತೂರಿನ ಹೆಸರು ಕೇಳಿಕೊಂಡೇ ಬೆಳೆದ ನನ್ನನ್ನು, ಅದು ಯಾಕೆ ಮುಖ್ಯ ಎಂದು ಒಬ್ಬ ಕನ್ನಡಿಗನೂ ಯಾಕೆ ಕೇಳಲಿಲ್ಲ?

ಅದೇ ಹುರುಪಿನಲ್ಲಿ ಕನ್ನಡದ ವಿಶ್ವಕೋಶದಲ್ಲಿರುವ ಇಂಥದೇ ದಿನಾಂಕದ ಪಟ್ಟಿಗಳ ಕಡೆ ತಿರುಗಿದೆ. ಒಂದು ತಿಂಗಳ ಪಟ್ಟಿಯಲ್ಲಿ ಇನ್ನೂ ನಾಲ್ಕು ಸಿನಿಮಾ ಮುಗಿಸದ ನಟರೊಬ್ಬರ ಜನನ ದಾಖಲಾಗಿತ್ತು, ಆಧಾರವಿಲ್ಲದೆ. ಜರ್ಮನ್ ಪ್ರಶ್ನೆಯನ್ನೇ ಸ್ವಲ್ಪ ಮೆದು ಮಾಡಿ, ಇದನ್ನು ಇಡಬೇಕೇ ಎಂದು ಕೇಳಿದೆ. ಆ ಪಟ್ಟಿಗಳನ್ನು ವರ್ಷಗಳಿಂದ ನೋಡಿಕೊಳ್ಳುವ ಹಿರಿಯ ಗೆಳೆಯರು ಬರೆದರು: "ಇರಲಿ ಬಿಡಿ ಸರ್, ಪಾಪ, ಬೆಳೆಯುವ ಹುಡುಗ." ಇನ್ನೊಂದು ಕಡೆ, ತೀರಿಹೋದ ರಾಜಕಾರಣಿಯೊಬ್ಬರ ಹೆಸರಿನ ಬಗ್ಗೆ ಕೇಳಿದಾಗ ಬಂದ ಉತ್ತರ: "ಇರಲಿ ಬಿಡಿ ಸರ್, ದೊಡ್ಡವರು." ಬೆಳೆಯುವವರೂ ಇರಬೇಕು, ಬೆಳೆದು ಹೋದವರೂ ಇರಬೇಕು. ಹೊರಗೆ ಉಳಿಯುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಜಾಗವಿಲ್ಲ.

ನನ್ನ ತಕರಾರು ಇಲ್ಲಿಂದಲೇ ಶುರು. ನಮ್ಮ ಪಟ್ಟಿಗಳಿಗೆ 'ಪ್ರಮುಖ ಘಟನೆಗಳು', 'ಜನನ', 'ನಿಧನ' ಎಂಬ ತಲೆಬರಹಗಳಿವೆ. ಮೊದಲನೆಯದರ ಕೆಳಗೆ ಒಂದೆರಡು ಸಾಲು, ಅವೂ ಬಹುಪಾಲು ಇಂಗ್ಲಿಷಿನಿಂದ ಇಳಿಸಿಕೊಂಡವು. ಎರಡನೆಯದು, ಮೂರನೆಯದು ತುಂಬಿ ತುಳುಕುತ್ತವೆ. ಡಿಸೆಂಬರ್ 29 ಎಂದರೆ ಕುವೆಂಪು, ಜನವರಿ 31 ಎಂದರೆ ಬೇಂದ್ರೆ, ಸೆಪ್ಟೆಂಬರ್ 15 ಎಂದರೆ ವಿಶ್ವೇಶ್ವರಯ್ಯ: ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಜೂನ್ 30 ಎಂದರೆ?

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಸುಮಾರು 147 ಕಿಲೋಮೀಟರ್ ತಂತಿ. ಆ ಕಾಲಕ್ಕೆ ಇಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಜಗತ್ತಿನಲ್ಲೇ ಅಪರೂಪದ ಕೆಲಸ. ನನಗೆ ಇದು ನೆನಪಾದದ್ದೂ ಜರ್ಮನ್ ಪಟ್ಟಿಯ ಪುಣ್ಯದಿಂದ. ಅಲ್ಲಿ ಘಟನೆಗಳನ್ನು ಕಾಲಾನುಕ್ರಮದಲ್ಲಿ ಒಂದೇ ಉದ್ದದ ಪಟ್ಟಿ ಮಾಡುವುದಿಲ್ಲ. ರಾಜಕೀಯ, ಆರ್ಥಿಕತೆ, ವಿಜ್ಞಾನ ಮತ್ತು ತಂತ್ರಜ್ಞಾನ, ಸಂಸ್ಕೃತಿ, ಸಮಾಜ, ಧರ್ಮ, ದುರಂತಗಳು, ಕ್ರೀಡೆ ಎಂದು ವಿಷಯವಾರು ಬಿಡಿಸಿ ಇಡುತ್ತಾರೆ. ವಿಜ್ಞಾನದ ತಲೆಬರಹಗಳನ್ನು ಓದುತ್ತಾ ಹೋಗುವವನಿಗೆ 1891ರ ಆಗಸ್ಟ್ ತಿಂಗಳಲ್ಲಿ ಲೌಫನ್ ಎಂಬ ಊರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 175 ಕಿಲೋಮೀಟರ್ ದೂರ ವಿದ್ಯುತ್ತನ್ನು ಕಳುಹಿಸಿದ ಸಂಗತಿ ಸಿಗುತ್ತದೆ. ಅದಾಗಿ ಹನ್ನೊಂದೇ ವರ್ಷಕ್ಕೆ ಕಾವೇರಿಯ ದಡದಲ್ಲಿ ಹೆಚ್ಚುಕಡಿಮೆ ಅಂಥದೇ ಸಾಹಸ. ಅಮೆರಿಕದ ಯಂತ್ರ, ಮೈಸೂರು ಸಂಸ್ಥಾನದ ಹಣ, ಡಿ ಲೋಟ್ಬಿನಿಯೇರ್ ಎಂಬ ಎಂಜಿನಿಯರನ ಯೋಜನೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಹಟ. ಅಯ್ಯರ್ 1901ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ದೀಪ ಉರಿದದ್ದನ್ನು ನೋಡಲಿಲ್ಲ. ನಮ್ಮ ಪಟ್ಟಿ ಬರೆಯುವವರ ಕ್ರಮ ಗಮನಿಸಿ: ಅವರು ಹುಟ್ಟಿದ ದಿನಕ್ಕೆ ಒಂದು ಸಾಲು, ಸತ್ತ ದಿನಕ್ಕೆ ಇನ್ನೊಂದು. ಅವರು ಮಾಡಿಸಿದ ಕೆಲಸ ಕೈಗೂಡಿದ ದಿನ ಖಾಲಿ.

ಜುಲೈ 1ರ ಕಥೆಯೂ ಇದೇ. 1843ರಲ್ಲಿ ಆ ದಿನ 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆ ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಪತ್ರಕರ್ತರು ಆ ದಿನವನ್ನು ಮರೆತಿಲ್ಲ. ಅದನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ನಾನು ಈಗ ವಾಸವಾಗಿರುವ ದೇಶದವನು. ಅವನ ಹುಟ್ಟಿದ ದಿನ ಸೇರಿಸಲು ನಮ್ಮವರು ತಯಾರು, ಪತ್ರಿಕೆಯ ದಿನಕ್ಕೆ "ಲೇಖನದಲ್ಲಿ ಇದೆಯಲ್ಲ ಸರ್" ಎನ್ನುತ್ತಾರೆ.

ನಮಗೆ ದಿನಾಂಕದ ಪಟ್ಟಿಗೆ ಸೇರಿಸುವುದೆಂದರೆ ಮಾಲಾರ್ಪಣೆ. ಹಾರ ಹಾಕಲು ಕೊರಳು ಬೇಕು; ಘಟನೆಗೆ ಕೊರಳಿಲ್ಲ. ಕಹಿ ಘಟನೆಯಾದರಂತೂ ಹತ್ತಿರವೂ ಸುಳಿಯುವುದಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದನ್ನು ಸೇರಿಸೋಣ ಎಂದಾಗ ಬಂದ ಮಾತು: "ಅದನ್ನೆಲ್ಲ ಯಾಕೆ ಸರ್ ಈಗ?" ಈಗಲ್ಲದೆ ಇನ್ನು ಯಾವಾಗ?

ಜರ್ಮನರ ನವೆಂಬರ್ 9ನ್ನು ನೋಡಬೇಕು. 1918ರಲ್ಲಿ ಆ ದಿನ ಗಣರಾಜ್ಯದ ಘೋಷಣೆ. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ಮುರಿದುಬಿತ್ತು. 1938ರ ರಾತ್ರಿ ದೇಶದ ತುಂಬ ಯಹೂದ್ಯರ ಪ್ರಾರ್ಥನಾ ಮಂದಿರಗಳು ಉರಿದವು. 1989ರಲ್ಲಿ ಬರ್ಲಿನ್ ಗೋಡೆ ತೆರೆಯಿತು. ರಾಷ್ಟ್ರದ ಹಬ್ಬ ಆರಿಸುವ ಹೊತ್ತು ಬಂದಾಗ ಅವರು ಈ ದಿನವನ್ನು ಬಿಟ್ಟು ಅಕ್ಟೋಬರ್ 3ನ್ನು ಹಿಡಿದರು. 1938ರ ನೆನಪಿನ ಮೇಲೆ ಪಟಾಕಿ ಹಚ್ಚುವುದು ಹೇಗೆ? ಆದರೆ ವಿಶ್ವಕೋಶದ ನಮೂದಿನಲ್ಲಿ ನಾಲ್ಕೂ ಇವೆ, ಒಂದರ ಕೆಳಗೆ ಒಂದು, ವಿಶೇಷಣವಿಲ್ಲದೆ. ಹಬ್ಬ ಬೇರೆ, ದಾಖಲೆ ಬೇರೆ ಎಂಬುದನ್ನು ಅವರು ಬಿಡಿಸಿಕೊಂಡಿದ್ದಾರೆ. ನಾವು ಎರಡನ್ನೂ ಒಂದೇ ವೇದಿಕೆಗೆ ಹತ್ತಿಸುತ್ತೇವೆ.

ಇನ್ನು ದಿನದ ಖಚಿತತೆ. ತಾಳಿಕೋಟೆ, ಅಂದರೆ ರಕ್ಕಸಗಿ-ತಂಗಡಗಿ ಕದನಕ್ಕೆ ಕೆಲವು ಪುಸ್ತಕಗಳು 1565ರ ಜನವರಿ 23 ಎನ್ನುತ್ತವೆ, ಕೆಲವು ಜನವರಿ 26. ವಿಜಯನಗರದ ಬೆನ್ನು ಮುರಿದ ಘಟನೆ. ಮಹತ್ವದ ಬಗ್ಗೆ ಯಾರಿಗೂ ಸಂಶಯವಿಲ್ಲ. ಆದರೆ ಯಾವ ದಿನಾಂಕಕ್ಕೆ ಹಾಕುತ್ತೀರಿ? ಯೋಗ್ಯವಾದ ಪದ್ಧತಿಯೆಂದರೆ ಒಂದನ್ನು ಆಧಾರಸಹಿತ ಆರಿಸಿ, ಇನ್ನೊಂದು ಮತವನ್ನು ಕದನದ ಲೇಖನದಲ್ಲಿ ಹೇಳುವುದು. ಎರಡು ದಿನಾಂಕಗಳಲ್ಲೂ ಕದನ ನಡೆಸಿಬಿಡುವುದು ಸುಲಭದ ದಾರಿ. ಯಾರಿಗೂ ಬೇಸರವಿಲ್ಲ, ರಾಮರಾಯನೊಬ್ಬ ಎರಡು ಸಲ ಸಾಯುತ್ತಾನೆ ಅಷ್ಟೆ.

ನವೆಂಬರ್ 1ರ ಬಗ್ಗೆಯೂ ನನಗೊಂದು ಹಠವಿದೆ. 1755ರ ಲಿಸ್ಬನ್ ಭೂಕಂಪ ಆ ದಿನದ್ದು. ಅಮೆರಿಕ 1952ರಲ್ಲಿ ಮೊದಲ ಜಲಜನಕ ಸಾಧನ ಸ್ಫೋಟಿಸಿದ್ದೂ ಆ ದಿನವೇ. ಅಂಥ ನೆರೆಹೊರೆಯಲ್ಲಿ 1956ರ ಸಾಲು ನಿಲ್ಲಬೇಕಾದರೆ ಅದು "ಕನ್ನಡಿಗರ ಕನಸು ನನಸಾದ ದಿನ" ಎಂದು ಬರುವಂತಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯಿದೆ ಜಾರಿಯಾಗಿ ಭಾರತದ ನಕ್ಷೆ ಭಾಷೆಯ ಗೆರೆಗಳ ಮೇಲೆ ಹೊಸದಾಯಿತು, ವಿಶಾಲ ಮೈಸೂರು, ಕೇರಳ, ಆಂಧ್ರಪ್ರದೇಶ ರೂಪುಗೊಂಡವು ಎಂದು ಒಂದೇ ಸಾಲಿನಲ್ಲಿ ಬರಬೇಕು. ಕನ್ನಡದ ಪಟ್ಟಿಯಲ್ಲಿ 1973ರ ನಾಮಕರಣಕ್ಕೆ ಇನ್ನೊಂದು ಸಾಲು ಧಾರಾಳವಾಗಿ ಇರಲಿ. ಜರ್ಮನ್ ಓದುಗನಿಗೆ ಅದು ಹೆಚ್ಚಾಯಿತು. ಓದುಗ ಬದಲಾದರೆ ಪಟ್ಟಿಯೂ ಬದಲಾಗಬೇಕು. ಇದನ್ನು ಒಪ್ಪುವ ನಾನು, ಕನ್ನಡದ ಓದುಗನಿಗೆ ಬೇಕಾದದ್ದು ಜನನದ ಪಟ್ಟಿಯೇ ಇರಬಹುದಲ್ಲ ಎಂಬ ಮಾತನ್ನೂ ಒಪ್ಪಬೇಕಾಗುತ್ತದೆ. ಸದ್ಯಕ್ಕೆ ಅದನ್ನು ಪಕ್ಕಕ್ಕಿಡುತ್ತೇನೆ.

ಪಕ್ಕಕ್ಕಿಡಲು ಬಿಡದವರು ಆ ಹಿರಿಯ ಗೆಳೆಯರೇ. ನನ್ನ ಉದ್ದನೆಯ ಆಕ್ಷೇಪವನ್ನು ತಾಳ್ಮೆಯಿಂದ ಓದಿ ಒಂದೇ ಮಾತು ಕೇಳಿದರು: "ಹಾಗಾದರೆ ವಚನಗಳಿಗೆ ಯಾವ ದಿನ ಕೊಡುತ್ತೀರಿ ಸರ್?" ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆದದ್ದಕ್ಕಿಂತ ದೊಡ್ಡ ಬದಲಾವಣೆಯನ್ನು ಕನ್ನಡ ನಾಡು ಕಂಡಿದೆಯೇ? ಅದಕ್ಕೆ ದಿನಾಂಕವಿಲ್ಲ. ಹಲ್ಮಿಡಿಯ ಶಾಸನಕ್ಕೂ ಇಲ್ಲ, ಕವಿರಾಜಮಾರ್ಗಕ್ಕೂ ಇಲ್ಲ. ಕನ್ನಂಬಾಡಿಯ ಅಣೆಕಟ್ಟು ವರ್ಷಾನುಗಟ್ಟಲೆ ಮೇಲೆದ್ದಿತು. ಅದು ಯಾವ ಮಂಗಳವಾರ ಮುಗಿಯಿತು ಎಂದು ಹೇಳಿದರೆ ಯಾರಿಗೇನು ತಿಳಿದಂತಾಯಿತು? ದಿನಾಂಕದ ಪಟ್ಟಿ ಗುಂಡು ಹಾರಿದ್ದನ್ನು, ಸಹಿ ಬಿದ್ದದ್ದನ್ನು, ಕಿರೀಟ ಏರಿದ್ದನ್ನು ಹಿಡಿಯುತ್ತದೆ. ನಿಧಾನವಾಗಿ ಆದದ್ದು ಅದರ ಬಲೆಯಲ್ಲಿ ನಿಲ್ಲುವುದಿಲ್ಲ. ಅಂಥ ಕಡೆ ಬಸವಣ್ಣನ ಹೆಸರನ್ನಾದರೂ ಎಲ್ಲಾದರೂ ಒಂದು ದಿನಕ್ಕೆ ಕಟ್ಟಿಹಾಕದಿದ್ದರೆ ಇಡೀ ಶತಮಾನವೇ 366 ಪುಟಗಳಿಂದ ಜಾರಿಹೋಗುತ್ತದೆ ಎಂಬುದು ಅವರ ವಾದ. ಕಟ್ಟಿಹಾಕಿದ ದಿನ ಆಧಾರವಿಲ್ಲದ್ದಾದರೆ ಅದೂ ತಪ್ಪೇ ಎಂಬುದು ನನ್ನ ವಾದ. ಆದರೆ ನನ್ನ ವಾದ ಮೊದಲಿನಷ್ಟು ಬಿಗಿಯಾಗಿ ಹೊರಬರಲಿಲ್ಲ ಎಂಬುದೂ ನಿಜ.

"ಆಚೆಗೆ ಏನು ಬದಲಾಯಿತು" ಎಂಬ ಪ್ರಶ್ನೆಯೂ ಎಲ್ಲರಿಗೂ ಒಂದೇ ಗಟ್ಟಿದನಿಯಲ್ಲಿ ಬರುವುದಿಲ್ಲ. ಕಿತ್ತೂರಿಗೆ ಕೇಳಿದವರು, ತಮ್ಮದೇ ಪಟ್ಟಿಯಲ್ಲಿ ಕ್ರೀಡೆ ಎಂಬ ತಲೆಬರಹದ ಕೆಳಗೆ ಯಾವುದೋ ಫುಟ್‌ಬಾಲ್ ಸಂಘದ ಸ್ಥಾಪನೆಯನ್ನು ಕೇಳದೆಯೇ ಒಳಗೆ ಬಿಟ್ಟಿದ್ದಾರೆ. ತೋರಿಸಿದರೆ ನಗುತ್ತಾರೆ, ತೆಗೆಯುವುದಿಲ್ಲ.

ನನ್ನನ್ನು ನಿಜಕ್ಕೂ ಮೆತ್ತಗೆ ಮಾಡಿದ್ದು ಒಂದು ಕಲ್ಲು. ತುಮಕೂರಿನ ಹೊನ್ನೇನಹಳ್ಳಿಯಲ್ಲಿ ಈಚಿನ ವರ್ಷಗಳಲ್ಲಿ ಓದಲಾದ ಶಾಸನವೊಂದು ಕೃಷ್ಣದೇವರಾಯ ತೀರಿಕೊಂಡ ದಿನವನ್ನು ಹೇಳುತ್ತದೆ: ಶಕ 1451, ವಿರೋಧಿ ಸಂವತ್ಸರ, ಚಂದ್ರಗ್ರಹಣದ ಹುಣ್ಣಿಮೆ. ಲೆಕ್ಕ ಹಾಕಿದರೆ 1529ರ ಅಕ್ಟೋಬರ್ 17, ಭಾನುವಾರ. ಇದು ಯೂರೋಪಿನಲ್ಲಿ 1582ರವರೆಗೆ ನಡೆದ ಹಳೆಯ ಜೂಲಿಯನ್ ಕ್ಯಾಲೆಂಡರಿನ ಲೆಕ್ಕ; ಇಂದಿನ ಕ್ಯಾಲೆಂಡರನ್ನು ಹಿಂದಕ್ಕೆ ಎಳೆದರೆ ಅಕ್ಟೋಬರ್ 27 ಆಗುತ್ತದೆ, ಆದರೆ 1582ಕ್ಕೆ ಮೊದಲಿನದನ್ನು ಜೂಲಿಯನ್ ದಿನಾಂಕದಲ್ಲೇ ಇಡುವುದು ವಿಶ್ವಕೋಶಗಳ ರೂಢಿ. ಅದಕ್ಕೂ ಹಿಂದಿನ ಇಮ್ಮಡಿ ದೇವರಾಯನ ಸಾವನ್ನು ಶ್ರವಣಬೆಳಗೊಳದ ಶಾಸನ ಹೀಗೇ ಹಿಡಿದಿಟ್ಟಿದೆ: ಕ್ಷಯ ಸಂವತ್ಸರ, ವೈಶಾಖ ಬಹುಳ ಚತುರ್ದಶಿ, ಮಂಗಳವಾರ; ಅಂದರೆ 1446ರ ಮೇ 24. ತಿಥಿ, ವಾರ, ಗ್ರಹಣ ಮೂರೂ ಒಂದಕ್ಕೊಂದು ಸಾಕ್ಷಿ. ಆಧಾರ ಕೊಡಿ ಎಂದು ನಾನು ಯಾರನ್ನು ಗದರುತ್ತಿದ್ದೆನೋ ಅವರ ಪೂರ್ವಜರು ಕಲ್ಲಿನ ಮೇಲೆ ಇಷ್ಟು ಕಟ್ಟುನಿಟ್ಟಾಗಿ ಆಧಾರ ಕೆತ್ತಿದ್ದರು. ಮತ್ತು ಕೆತ್ತಿದ್ದು ಏನನ್ನು? ಒಬ್ಬ ದೊಡ್ಡವನ ಸಾವನ್ನು. ನಾನು ಯಾವುದನ್ನು ಕತ್ತರಿಸಬೇಕೆಂದು ಹೊರಟಿದ್ದೆನೋ ಆ 'ನಿಧನ'ದ ತಲೆಬರಹದ ಕೆಳಗೇ ಅದು ಕೂರಬೇಕು.

ಹೀಗಾಗಿ ಒಂದು ರಾಜಿಗೆ ಬಂದಿದ್ದೇವೆ, ಇಬ್ಬರಿಗೂ ಪೂರ್ತಿ ಇಷ್ಟವಿಲ್ಲದ್ದು. ಜನನ-ನಿಧನದ ಪಟ್ಟಿಗಳನ್ನು ನಾನು ಮುಟ್ಟುವುದಿಲ್ಲ, ಆಧಾರವಿಲ್ಲದವನ್ನು ಹೊರತು. ಆ ಬೆಳೆಯುವ ನಟನ ಹೆಸರಿನ ಮೇಲೆ ಹಗ್ಗಜಗ್ಗಾಟ ಇನ್ನೂ ಮುಗಿದಿಲ್ಲ. ಘಟನೆಗಳನ್ನು ಜರ್ಮನರ ಹಾಗೆ ವಿಷಯವಾರು ಬಿಡಿಸೋಣ ಎಂದೆ. ತುಂಬಲು ಸಾಲುಗಳೇ ಇಲ್ಲದಾಗ ಎಂಟು ತಲೆಬರಹ ಯಾಕೆ ಎಂದರು, ಅದೂ ಸರಿಯೇ. ಮೊದಲು ಸಾಲುಗಳು ಬರಲಿ. ಜೂನ್ 30 ಮತ್ತು ಜುಲೈ 1 ನನ್ನ ಪಾಲು. ಫೆಬ್ರುವರಿ 7ಕ್ಕೆ ಬೇಕಾದ ಹಳೆಯ ಪತ್ರಿಕೆಯ ವರದಿಯನ್ನು ತಾವೇ ಗ್ರಂಥಾಲಯಕ್ಕೆ ಹೋಗಿ ಹುಡುಕುತ್ತೇನೆಂದು ಗೆಳೆಯರು ಒಪ್ಪಿಕೊಂಡಿದ್ದಾರೆ.